ಅಮ್ಮನ ಕೈ ಅಳತೆಯ ಆರುನೂರು ಜೊತೆ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಬಂದರಿನಿಂದ ಶುರುಮಾಡಿದರೆ ಗಾಂಭೀರ್ಯ ಬರುತ್ತದೆ, ಆದರೆ ನಾನು ಬಂದರನ್ನೇ ನೋಡಿಲ್ಲ. ಅಮ್ಮನಿಂದ ಶುರುಮಾಡಿದರೆ ನೀವು ಮೊದಲ ಸಾಲಿಗೇ ಕಣ್ಣೊರೆಸಿಕೊಳ್ಳಲು ಸಿದ್ಧರಾಗುತ್ತೀರಿ. ಅಮ್ಮನಿಗೆ ಅದು ಹಿಡಿಸುವುದಿಲ್ಲ. ಓದಿದ್ದು ದಂಡವಾಗದಿರಲಿ ಎಂದು ಹೀಗೂ ಶುರುಮಾಡಿ ನೋಡಿದೆ:

"ಅಂತಾರಾಷ್ಟ್ರೀಯ ವ್ಯಾಪಾರವು ಉದ್ಯೋಗವನ್ನು ಸೃಷ್ಟಿಸಿ, ಬಡತನವನ್ನು ತಗ್ಗಿಸಿ, ಅಭಿವೃದ್ಧಿಗೆ ಪೂರಕವಾಗುತ್ತದೆ."

(ಇದು ನನ್ನ ಪದವಿ ಪರೀಕ್ಷೆಯ ಉತ್ತರ. ಹತ್ತಕ್ಕೆ ಎಂಟು ಬಂದಿತ್ತು. ಉಳಿದೆರಡು ಅಂಕ ಎಲ್ಲಿ ಹೋದವೆಂದು ಈಗೀಗ ಗೊತ್ತಾಗುತ್ತಿದೆ.)

ಹೊಡೆದುಹಾಕಿದೆ.

೨

ನಮ್ಮ ಬೀದಿಯ ಕೊನೆಗೆ ಒಂದು ತಗಡಿನ ಶೆಡ್ಡು. ಒಳಗೆ ಹನ್ನೊಂದು ಹೊಲಿಗೆ ಯಂತ್ರ, ಹನ್ನೊಂದು ಹೆಂಗಸರು. ನಡೆಸುವವಳು ನನ್ನ ಸೋದರತ್ತೆ. ಬಟ್ಟೆ ಕತ್ತರಿಸುವ ಹಕ್ಕನ್ನು ಯಾರಿಗೂ ಬಿಟ್ಟುಕೊಡದ ಅವಳಿಗೆ ಕತ್ತರಿ ಅತ್ತೆ ಎಂದೇ ಹೆಸರು. ಮೂರನೆಯ ಯಂತ್ರ ಅಮ್ಮನದು.

ಎರಡು ವರ್ಷದ ಹಿಂದಿನವರೆಗೂ ಶಾಲೆ ತೆರೆಯುವ ಮುಂಚಿನ ಎರಡು ತಿಂಗಳು ಯೂನಿಫಾರ್ಮ್ ಹೊಲಿಗೆ ಇರುತ್ತಿತ್ತು. ಆಮೇಲೆ ಶೆಡ್ಡಿಗೆ ಬೀಗ. ಅಮ್ಮ ಯಾರದೋ ಮನೆಯ ಪಾತ್ರೆ ತೊಳೆಯಲು ಹೊರಡುತ್ತಿದ್ದಳು. ಬೇಸರಕ್ಕೆ ನಾನು ಇಂಟರ್ನೆಟ್ಟಿನಲ್ಲಿ ಹಾಕಿದ್ದ, ಶೆಡ್ಡಿನ ಹೊಲಿಗೆಯ ಮಸುಕು ಫೋಟೋ ಒಂದನ್ನು ನೋಡಿ, ಕಡಲಾಚೆ ತೋಟಗಾರಿಕೆ ಸಾಮಾನಿನ ಅಂಗಡಿ ಇಟ್ಟ ಒಬ್ಬಾಕೆ ಏಪ್ರನ್ ಹೊಲಿಯುತ್ತೀರಾ ಎಂದು ಕೇಳಿದಳು. ಆಮೇಲೆ ಚೀಲ ಕೇಳಿದಳು. ಎರಡು ದೇಶಗಳ ಒಪ್ಪಂದದಲ್ಲಿ ಒಂದು ಸಾಲಿದೆ: ಬಟ್ಟೆಯನ್ನೂ ಇಲ್ಲಿಯೇ ನೇಯ್ದಿದ್ದರೆ ಅಲ್ಲಿ ಸುಂಕವಿಲ್ಲ. ಆ ಒಂದು ಸಾಲಿನಿಂದ ಹಿಂದಿನ ಬೀದಿಯಲ್ಲಿ ನಿಂತುಹೋಗಿದ್ದ ಮಗ್ಗಗಳು ಮತ್ತೆ ಸದ್ದು ಮಾಡಿದವು. ವರ್ಷವಿಡೀ ಕೆಲಸ ಸಿಕ್ಕಿತು. ಕಾಜಾ ಹೊಲಿಯುವವಳ ಮಗಳು ಬಿಟ್ಟಿದ್ದ ಕಾಲೇಜಿಗೆ ಮರಳಿದಳು. ಅಮ್ಮ ಕನ್ನಡಕ ಮಾಡಿಸಿಕೊಂಡಳು. ಸೂಜಿಗೆ ದಾರ ಪೋಣಿಸಿಕೊಡಲು ನನ್ನನ್ನು ಕರೆಯುವುದು ನಿಂತಿತು.

(ನನಗೆ ಒಂದಿಷ್ಟು ಬೇಜಾರಾಯಿತು. ಅಭಿವೃದ್ಧಿಯಿಂದ ನಷ್ಟವಾದವರ ಪಟ್ಟಿ ಮಾಡುವವರು ನನ್ನನ್ನೂ ಸೇರಿಸಿಕೊಳ್ಳಲಿ.)

೩

ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಬಂದು ಬೆನ್ನ ಹಿಂದೆ ನಿಂತು ಓದಿದಳು.

"ಏನೇ ಇದು, ನನ್ನನ್ನ ಬಡವಿ ಮಾಡ್ತಿದ್ದೀಯಾ?"

ಕಥೆಗೆ ಬೇಕಾಗುತ್ತದೆ ಎಂದೆ.

"ನಿನ್ನ ಕಥೆಗೆ ಬೇಕು ಅಂತ ನಾನು ಬಡವಿ ಆಗ್ಬೇಕಾ? ಕೆಲಸ ಗೊತ್ತಿತ್ತು, ಕೊಡೋರು ಇರ್ಲಿಲ್ಲ. ಹಾಗಂತ ಬರಿ."

ಬರೆದೆ. ಪಾತ್ರೆಯ ಸಾಲನ್ನು ಅಳಿಸು ಎಂದಳು; ಅದನ್ನು ಮಾತ್ರ ಅಳಿಸಲಿಲ್ಲ. (ಪಾತ್ರಗಳು ಹೇಳಿದ್ದನ್ನೆಲ್ಲ ಕೇಳುತ್ತ ಹೋದರೆ ಕೊನೆಗೆ ಉಳಿಯುವುದು ಶೀರ್ಷಿಕೆಯೊಂದೇ.)

೪

ಇನ್ನು ತಪ್ಪಿನ ವಿಷಯ. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ.

ಈ ವರ್ಷ ತೋಟದ ಕೆಲಸಕ್ಕೆ ಹಾಕಿಕೊಳ್ಳುವ ಕೈಗವಸಿನ ಆರ್ಡರ್ ಬಂತು, ಜೊತೆಗೆ ಅಳತೆಯ ಪಟ್ಟಿ. ಆದರೆ ಅತ್ತೆ ಕಾಗದ ನೋಡಿ ಕತ್ತರಿಸಿದವಳಲ್ಲ. ಯೂನಿಫಾರ್ಮಿಗಾದರೆ ಬೀದಿಯ ಮಕ್ಕಳನ್ನು ಎತ್ತರದ ಪ್ರಕಾರ ಗೋಡೆಗೆ ನಿಲ್ಲಿಸಿ ಅಳೆಯುತ್ತಿದ್ದಳು. ಕೈಗವಸಿಗೆ ಅಮ್ಮನನ್ನು ಕರೆದು, ಕಂದು ಕಾಗದದ ಮೇಲೆ ಅವಳ ಕೈ ಒತ್ತಿಸಿ, ಸುತ್ತ ಪೆನ್ಸಿಲ್ ಎಳೆದಳು. ಪಟ್ಟಿಯಿದೆ ಎಂದು ಯಾರೋ ನೆನಪಿಸಿದ್ದಕ್ಕೆ, ಕೈ ಅಂದರೆ ಕೈ, ದೇಶಕ್ಕೊಂದು ಥರ ಇರುತ್ತದೆಯೇ ಎಂದಳು.

ಪಟ್ಟಿ ನನ್ನ ಬಳಿಯೇ ಇತ್ತು. ಮನೆಯಲ್ಲಿ ಅಮ್ಮನ ಕೈಗೆ ಸ್ಕೇಲಿಟ್ಟು ನೋಡಿದ್ದೆ. ಪಟ್ಟಿಗಿಂತ ಅಗಲದಲ್ಲಿ ಒಂದು ಬೆರಳಿನಷ್ಟು ಕಡಿಮೆಯಿತ್ತು. "ಅತ್ತೆ, ಅಳತೆ ಸ್ವಲ್ಪ..." ಎಂದು ಒಂದು ಸಲ ಅಂದೆ. ಯಂತ್ರಗಳ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಎರಡನೆಯ ಸಲ ನಾನು ಅನ್ನಲಿಲ್ಲ. ಆ ದಿನದ ಡೈರಿಯಲ್ಲಿ ಹೀಗಿದೆ: "ಇಂದು ಹೇಳಬೇಕೆಂದಿದ್ದೆ." (ನನ್ನ ಡೈರಿಯ ಮುಕ್ಕಾಲು ಪಾಲು ಇದೇ ವಾಕ್ಯ.)

ಆರುನೂರು ಜೊತೆ ಸಮುದ್ರ ದಾಟಿದವು. ಅಲ್ಲಿ ಯಾರ ಕೈಗೂ ಹಿಡಿಸಲಿಲ್ಲ.

ಅಂಗಡಿಯಾಕೆಯಿಂದ ಬಂದ ಇ-ಮೇಲ್‌ನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕೊಟ್ಟ ಹಣವನ್ನು ನಮ್ಮ ಸಹಾಯವೆಂದು ಇಟ್ಟುಕೊಳ್ಳಿ, ಮುಂದಿನ ಆರ್ಡರಿಗೆ ಬೇರೆಯವರನ್ನು ನೋಡುತ್ತಿದ್ದೇವೆ ಎಂದು ಮೃದುವಾಗಿ ಬರೆದಿದ್ದಳು.

೫

ಶೆಡ್ಡಿನಲ್ಲಿ ಅದನ್ನು ಓದಿ ಹೇಳಿದೆ. ವಾಪಸು ಕೇಳಲಿಲ್ಲವಲ್ಲ, ಪುಣ್ಯ ಎಂದಳು ಅತ್ತೆ; ದನಿಯಲ್ಲಿ ಜೀವವಿರಲಿಲ್ಲ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಸಹಾಯ ಅಂತ ತಗೊಂಡ್ರೆ ಅವಳು ಮತ್ತೆ ನಮ್ಮ ಹತ್ರ ಯಾಕೆ ಬರ್ತಾಳೆ? ತಪ್ಪು ನಮ್ದು, ಸರಿಯಾಗಿ ಹೊಲ್ಕೊಡ್ತೀವಿ ಅಂತ ಹೇಳು. ಬರೀಬೇಡ. ಫೋನ್ ಮಾಡಿ ಮಾತಾಡು."

ಮಾತಾಡುವುದೆಂದರೆ ನನಗೆ ಜ್ವರ ಬಂದಂತೆ. ಅದನ್ನು ತಪ್ಪಿಸಿಕೊಳ್ಳಲು ಕೂತು ಮುಕ್ತಾಯಗಳನ್ನು ಬರೆದೆ.

ಮೊದಲ ಮುಕ್ತಾಯ: ಆ ದೇಶದಲ್ಲಿ ಚಿಕ್ಕ ಕೈಯವರ ಸಂಘವೊಂದು ಎಲ್ಲವನ್ನೂ ಕೊಳ್ಳುತ್ತದೆ. (ನಾನೇ ನಂಬಲಿಲ್ಲ.)

ಎರಡನೆಯದು: ಶೆಡ್ಡಿಗೆ ಬೀಗ. ಅಮ್ಮ ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸುತ್ತಾಳೆ. ಇದಕ್ಕೆ ಬಹುಮಾನ ಬಂದರೂ ಬರಬಹುದು ಎಂದು ಅತ್ತೆಗೆ ಓದಿ ಹೇಳಿದೆ. "ಬಹುಮಾನ ನಿನಗೆ, ಬೀಗ ನಮಗಾ?" ಎಂದಳು.

ಮೂರನೆಯದು: ನಾನು ಮಾತಾಡುತ್ತೇನೆ. ಇದನ್ನು ಎಷ್ಟು ಸಲ ಕೂತರೂ ಬರೆಯಲಾಗಲಿಲ್ಲ. ಹಾಗಾಗಿ ಮಾಡಬೇಕಾಯಿತು.

೬

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ. ಫೋನಿನಲ್ಲಿ ಆಕೆ ಕೇಳಿದ್ದು ಅದರಲ್ಲಿ ಇಲ್ಲದ್ದನ್ನು: ಪಟ್ಟಿ ಕಳಿಸಿದ್ದೆನಲ್ಲ, ಹೀಗೇಕಾಯಿತು?

ನಮ್ಮ ಅತ್ತೆಗೆ ಇಂಗ್ಲಿಷ್ ಬಾರದು ಎಂದರೆ ಮುಗಿದುಹೋಗುತ್ತಿತ್ತು. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದಳು. ಏನಂದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಒಂದು ಕೈಯ ಸುತ್ತ ಗೆರೆ ಎಳೆದು ಕತ್ತರಿಸಿದೆವು; ಪಟ್ಟಿ ನನ್ನ ಬಳಿಯಿತ್ತು, ನೋಡಿದ್ದೆ, ಹೇಳಲಿಲ್ಲ ಎಂದೆ. ಇನ್ನು ಅಳತೆ ನನ್ನ ಜವಾಬ್ದಾರಿ ಎಂದೆ.

ಆಕೆ ಇದು ಯಾರ ಕೈ ಎಂದು ಕೇಳಿದಳು. ನಮ್ಮಮ್ಮನದು ಎಂದೆ. ಒಂದು ಜೊತೆ ನನ್ನ ಮೇಜಿನ ಮೇಲೇ ಇದೆ, ಹೊಲಿಗೆ ಮಾತ್ರ ಎಲ್ಲೂ ಬಿಟ್ಟಿಲ್ಲ ಎಂದಳು. ಸರಿಯಾದ ಅಳತೆಯದು ಒಂದು ಜೊತೆ ಕಳಿಸಿ, ನೋಡೋಣ, ಎಂದಳು.

ಫೋನ್ ಇಟ್ಟು ಎಲ್ಲರಿಗೂ ನಮ್ಮ ಮಾತಿನಲ್ಲಿ ಹೇಳಿದೆ, ನನ್ನ ಬಗ್ಗೆ ಹೇಳಿದ್ದನ್ನೂ ಬಿಡದೆ. ಅತ್ತೆ ಕತ್ತರಿಯ ಹಿಡಿಯನ್ನು ತಿರುವುತ್ತ ಕೂತಿದ್ದಳು.

"ಕೂಗಿ ಹೇಳ್ಬೇಕಿತ್ತು ಕಣೇ," ಎಂದಳು. "ನಾನು ಬೈತಿದ್ದೆ, ನಿಜ. ಬೈಸ್ಕೊಂಡು ಹೇಳ್ಬೇಕಿತ್ತು."

೭

ಆರ್ಡರ್ ಬಂತೇ ಎನ್ನುತ್ತೀರಿ. ಆ ಒಂದು ಜೊತೆ ಕಳಿಸಿ ಹದಿನಾರು ದಿನವಾಯಿತು, ಉತ್ತರವಿಲ್ಲ. ಒಂದು ಉತ್ತರ ಕಟ್ಟಿ ನಿಮ್ಮನ್ನು ಸಮಾಧಾನದಿಂದ ಕಳಿಸಿಕೊಡಬಲ್ಲೆ. ಆದರೆ ಆ ಕೈಗವಸಿನೊಳಗೆ ಹೋಗುವ ಕೈ ನನ್ನದಲ್ಲ.

ಅಮ್ಮ ಮತ್ತೆ ಬಂದು ನಿಂತಿದ್ದಾಳೆ. ಅತ್ತೆ ಇನ್ನೊಂದು ಜೊತೆಗೆ ಬಟ್ಟೆ ಹಾಸಿದ್ದಾಳಂತೆ, ನಾನು ಬಂದು ನೋಡದೆ ಕತ್ತರಿ ಇಡುವುದಿಲ್ಲವಂತೆ. ಆರ್ಡರೇ ಬಂದಿಲ್ಲವಲ್ಲ ಅಮ್ಮ ಎಂದೆ.

"ಅವಳು ಬೇಡ ಅಂದ್ರೆ ಇನ್ನೊಬ್ಬರಿಗೆ ತೋರಿಸೋಕೆ ಬೇಡ್ವಾ? ಏಳು."

ಪೆನ್ನಿನ ಮುಚ್ಚಳ ಸಿಗುತ್ತಿಲ್ಲ. ಹಾಗೇ ಬಿಟ್ಟು ಹೋಗುತ್ತಿದ್ದೇನೆ.