ಸ್ಟ್ರೌಡಮ್ಮನ ಅರವಟ್ಟಿಗೆ

ನಮ್ಮ ಮಾರ್ಲೋ ಬೆಂಡ್ ಊರಿಗೆ ಸುಧಾರಣೆ ಬರುವುದು ಸಾಮಾನ್ಯವಾಗಿ ಶನಿವಾರ. ಉಳಿದ ದಿನಗಳಲ್ಲಿ ಮುಸುಕಿನ ಜೋಳದ ಹೊಲ ಬಿಟ್ಟು ಬಂದು ಸುಧಾರಿಸಿಕೊಳ್ಳಲು ಯಾರಿಗೂ ಪುರಸೊತ್ತಿರುವುದಿಲ್ಲ. ಡಾಕ್ಟರ್ ಆರ್ವಿಲ್ ಪೆಟಿಬೋನ್ ಕೂಡ ಶನಿವಾರವೇ ಬಂದ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಕೋರ್ಟಿನ ಮುಂದಿನ ಚೌಕದಲ್ಲಿದ್ದ ಅರವಟ್ಟಿಗೆಯ ಲೋಟದ ಸರಪಳಿ ಕಡಿಯಲು ಬಂದಿದ್ದ.

ಅರವಟ್ಟಿಗೆ ಎಂದರೆ ಆಳೆತ್ತರದ ಬೂದುಬಣ್ಣದ ಕಲ್ಲುಕಂಬ. ರಸ್ತೆಯ ಕಡೆಗೆ ಕುದುರೆಗಳಿಗೆ ಕಲ್ಲುಬಾನಿ, ಬುಡದಲ್ಲಿ ನಾಯಿಗಳಿಗೆ ಬೋಗುಣಿಯಂಥ ಗುಳಿ, ಕೋರ್ಟಿನ ಕಡೆಗೆ ಮನುಷ್ಯರಿಗೆ ಒಂದು ನಳ. ನಳದ ಪಕ್ಕ ಸರಪಳಿಯಲ್ಲಿ ತೂಗಾಡುವ ತಗಡಿನ ಲೋಟ. ಕಲ್ಲಿನ ಮೇಲೆ ‘ಬಾಯಾರಿದವರು ಇಲ್ಲಿ ಕುಡಿಯಿರಿ’ ಎಂದು ಕೆತ್ತಿತ್ತು. ‘ಎದುರುಗಡೆ ಅಲ್ಲ’ ಎಂದು ಕೆತ್ತಿರಲಿಲ್ಲ. ಕಲ್ಲು ನಿಂತ ಭಂಗಿಯೇ ಅದನ್ನು ಹೇಳುತ್ತಿತ್ತು. ಎದುರುಗಡೆ ಇದ್ದದ್ದು ಗಸ್ ಹೋಕ್‌ಮುತ್‌ನ ಪಡಖಾನೆ. ಅದರ ಮಗ್ಗುಲಲ್ಲೇ ನನ್ನ ವಾರಪತ್ರಿಕೆಯ ಕಚೇರಿ. ಹೀಗಾಗಿ ಊರಿನ ನೀತಿ ಮತ್ತು ಅನೀತಿ ಎರಡೂ ಒಂದೇ ಕಿಟಕಿಯಿಂದ ನನಗೆ ಕಾಣುತ್ತಿದ್ದವು.

ಅದನ್ನು ಕಟ್ಟಿಸಿದವರು ಲವೀನಿಯಾ ಸ್ಟ್ರೌಡ್. ಊರಿಗೆಲ್ಲ ಸ್ಟ್ರೌಡಮ್ಮ, ಪಾನನಿರೋಧ ಮಹಿಳಾ ಸಂಘದ ಅಧ್ಯಕ್ಷೆ. ಅವರ ಗಂಡ ಸೈಲಸ್ ಜೋಳದ ಗಾಡಿ ಹೊಡೆದುಕೊಂಡು ಪೇಟೆಗೆ ಬರುತ್ತಿದ್ದ ಕಾಲದಲ್ಲಿ ಈ ಚೌಕದಲ್ಲಿ ಕುಡಿಯುವ ನೀರು ಸಿಗುತ್ತಿದ್ದುದು ಪಡಖಾನೆಯಲ್ಲಿ ಮಾತ್ರ. ಬಾಯಾರಿಕೆ ತೀರಿಸಿಕೊಳ್ಳಲು ಒಳಗೆ ಹೋದ ಮನುಷ್ಯ ಹೊಸ ಬಾಯಾರಿಕೆಯೊಂದನ್ನು ಕಲಿತು ಬಂದ. ಒಂದು ಚಳಿಗಾಲ ಕುದುರೆಗಳು ಗಾಡಿಯನ್ನು ಮನೆಗೆ ಮುಟ್ಟಿಸಿದವು, ಸೈಲಸ್‌ನನ್ನು ಮುಟ್ಟಿಸಲಿಲ್ಲ. ಆಮೇಲೆ ಸ್ಟ್ರೌಡಮ್ಮ ಸೇಬಿನ ಪೈ ಮಾರಿ ಮಾರಿ ಈ ಕಲ್ಲು ನಿಲ್ಲಿಸಿದರು. ಶನಿವಾರಗಳಂದು ಪಕ್ಕದಲ್ಲೇ ನಿಂತು, ಒಬ್ಬರು ಕುಡಿದಿಟ್ಟ ಲೋಟದ ಅಂಚನ್ನು ತಮ್ಮ ಏಪ್ರನ್ನಿನ ತುದಿಯಿಂದ ಒರೆಸಿ ಇನ್ನೊಬ್ಬರ ಕೈಗೆ ಕೊಡುತ್ತಿದ್ದರು. ಎಂಜಲಿಗೆ ಅಷ್ಟು ಸಾಕೆಂಬುದು ಆ ಕಾಲದ ವಿಜ್ಞಾನ.

ಈಗ ಕಾಲವೂ ವಿಜ್ಞಾನವೂ ಬದಲಾಗಿದ್ದವು. ನಾಲ್ಕು ಜನ ಬಾಯಿಟ್ಟ ಲೋಟ ಸಾರ್ವಜನಿಕ ಸ್ಥಳದಲ್ಲಿ ಇರಕೂಡದೆಂದು ರಾಜ್ಯದಲ್ಲಿ ಕಾನೂನಾಗಿತ್ತು. ಆರ್ವಿಲ್ ಊರಿನ ಆರೋಗ್ಯಾಧಿಕಾರಿ. ಜೊತೆಗೆ ಸ್ಟ್ರೌಡಮ್ಮನ ತಂಗಿಯ ಮಗ. ಊರಿಗೊಬ್ಬ ಆರೋಗ್ಯಾಧಿಕಾರಿ ಬೇಕೆಂದು ಪುರಸಭೆಗೆ ಅರ್ಜಿ ಬರೆದವರು ಯಾರೆಂದರೆ, ಅವರೂ ಸ್ಟ್ರೌಡಮ್ಮನೇ.

“ದೊಡ್ಡಮ್ಮ, ಸ್ವಲ್ಪ ಪಕ್ಕಕ್ಕೆ ನಿಲ್ತೀರಾ?”

“ಯಾಕಪ್ಪ, ನಿನ್ನ ಸುತ್ತಿಗೆಗೆ ಅಡ್ಡ ಬಂದ್ನಾ?”

“ಕಿಡಿ ಹಾರತ್ತೆ.”

“ಹಾರ್ಲಿ ಬಿಡು. ನಿನಗೆ ದಡಾರ ಎದ್ದಾಗ ಇದೇ ಲೋಟದಲ್ಲಿ ನೀರು ಕುಡಿಸಿದ್ದೆ. ನೆನಪಿದೆಯಾ?”

“ಚೆನ್ನಾಗಿದೆ. ಆ ವರ್ಷ ಇಡೀ ಊರಿಗೆ ದಡಾರ ಬಂದಿತ್ತು.”

ಸುತ್ತ ನಿಂತವರು ನಕ್ಕರು. ಸ್ಟ್ರೌಡಮ್ಮ ನಗಲಿಲ್ಲ, ಆದರೆ ಪಕ್ಕಕ್ಕೆ ಸರಿದರು. ಆರ್ವಿಲ್ ಹೇಳುವುದು ಸುಳ್ಳಲ್ಲ ಎಂಬುದೇ ಅವರಿಗಿದ್ದ ದೊಡ್ಡ ಕಷ್ಟ. ಸುಳ್ಳಿನ ಜೊತೆ ಹೋರಾಡಿ ಅವರಿಗೆ ಅಭ್ಯಾಸವಿತ್ತು. ಸರಪಳಿ ತುಂಡಾಗಿ ಲೋಟ ಬಾನಿಗೆ ಬಿತ್ತು. ಒಂದು ಕುದುರೆ ಮೂತಿ ಎತ್ತಿ ನೋಡಿ ಮತ್ತೆ ಕುಡಿಯತೊಡಗಿತು.

“ಆರ್ವಿಲ್, ನನಗೆ ಇನ್ನೇನೂ ಬೇಡ ಕಣೋ,” ಎಂದರು ಅವರು. “ನಾನು ಕಣ್ಮುಚ್ಚೋದರೊಳಗೆ ಈ ಕಲ್ಲಿನ ಹತ್ರ ಜನ ಮತ್ತೆ ನೀರು ಕುಡೀಬೇಕು.”

“ಮನೆಯಿಂದ ಲೋಟ ತರ್ಲಿ.”

“ತರಲ್ಲ.”

ತರಲಿಲ್ಲ. “ಲೋಟ ಹಿಡ್ಕೊಂಡು ಪೇಟೆಗೆ ಬರೋಕೆ ನಾನೇನು ಭಿಕ್ಷೆಗೆ ಹೊರಟಿದೀನಾ?” ಎಂದು ಕೇಳಿದವನು ಸೈರಸ್ ಟಟಲ್, ಹೇಸರಗತ್ತೆಗಳನ್ನು ಸಾಕಿ, ಹೆಚ್ಚುಕಡಿಮೆ ಅವುಗಳ ಸ್ವಭಾವವನ್ನೇ ಪಡೆದಿದ್ದ ಮುದುಕ. ಬೊಗಸೆಯಲ್ಲಿ ಕುಡಿಯಹೋದವರ ಶನಿವಾರದ ಅಂಗಿಯ ತೋಳು ನೆನೆಯಿತು. ಕುದುರೆ ಮೈ ತಿಕ್ಕಿದ ಕೈ ಎಂದು ಆರ್ವಿಲ್ ಬೈದದ್ದು ಬೇರೆ. ಕೊನೆಗೆ ಜನ ಸುಲಭದ ದಾರಿ ಹಿಡಿದರು.

ಸುಲಭದ ದಾರಿ ರಸ್ತೆಯ ಆಚೆಗಿತ್ತು. ಗಸ್ ಹೋಕ್‌ಮುತ್ ದಪ್ಪನೆಯ, ನಿಧಾನದ, ಮಂಡಿನೋವಿನ ಮನುಷ್ಯ. ಲೋಟ ತೊಳೆಯುವುದರಲ್ಲಿ ಮಾತ್ರ ಅವನಿಗೆ ಸಮನಾದವರಿಲ್ಲ. ಕುದಿನೀರಲ್ಲಿ ಒಮ್ಮೆ, ತಣ್ಣೀರಲ್ಲಿ ಒಮ್ಮೆ ಅದ್ದಿ, ಮಗುಚಿ ಒಣಗಿಸುತ್ತಿದ್ದ. ಆರ್ವಿಲ್ ಪ್ರಾಮಾಣಿಕ. ಚೌಕದಲ್ಲಿ ಕಾನೂನಿಗೆ ಒಪ್ಪುವ ಲೋಟ ಇರುವುದು ಇಲ್ಲೊಂದೇ ಕಡೆ ಎಂದು ಕಂಡುಬಂದಾಗ ಹಾಗೆಂದೇ ಬರೆದುಕೊಟ್ಟ. ಗಸ್ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಕಿಟಕಿಯಲ್ಲಿಟ್ಟ. ಕೆಳಗೆ ತನ್ನ ಕೈಯಿಂದ ‘ನೀರು ಉಚಿತ’ ಎಂದು ಸೇರಿಸಿದ.

ಅಲ್ಲಿಂದ ಮುಂದೆ ಪಾನನಿರೋಧದ ಪ್ರತಿಜ್ಞೆ ಮಾಡಿದವರೆಲ್ಲ ನೀರಿಗಾಗಿ ಪಡಖಾನೆಗೆ ಹೋಗತೊಡಗಿದರು. ಒಂದು ಮಧ್ಯಾಹ್ನ ನಮ್ಮ ಚರ್ಚಿನ ಡೀಕನ್ ಎಲೈಹು ಕ್ರಾಂಪ್ಟನ್ ಮೀಸೆ ಒರೆಸಿಕೊಳ್ಳುತ್ತ ಹೊರಗೆ ಬಂದವರು ಸ್ಟ್ರೌಡಮ್ಮನ ಎದುರಿಗೇ ಸಿಕ್ಕಿದರು.

“ಏನು ಡೀಕನ್ನರೇ, ಈ ಬಾಗಿಲಿಂದ?”

“ಬರೀ ನೀರು, ಸ್ಟ್ರೌಡಮ್ಮ. ಬೈಬಲ್ ಮುಟ್ಟಿ ಹೇಳ್ತೀನಿ.”

“ಬಿಯರ್ ಕುಡಿದೋರು ಯಾವತ್ತೂ ಆಣೆ ಇಟ್ಟಿದ್ದು ನಾ ಕಾಣೆ. ನೀರು ಕುಡಿದೋರು ಆಣೆ ಇಡೋ ಕಾಲ ಬಂತಲ್ಲ!”

“ಬೇಕಾದ್ರೆ ಮೀಸೆ ಮೂಸಿ ನೋಡಿ.”

“ಅದು ನಿಮ್ಮ ಹೆಂಡತಿ ಕೆಲಸ. ನನಗೆ ಇರೋ ಕೆಲಸವೇ ಸಾಕಾಗಿದೆ.”

ಡೀಕನ್ನರು ನಿಜವಾಗಿ ನೀರನ್ನೇ ಕುಡಿದಿದ್ದರೆಂದು ನಾನು ನಂಬುತ್ತೇನೆ, ಕನಿಷ್ಠ ಮೊದಲ ವಾರ. ಆದರೆ ಒಬ್ಬನ ಅಂಗಡಿಯಲ್ಲಿ ವಾರವಾರ ಬಿಟ್ಟಿ ನೀರು ಕುಡಿದು, ಬಾಯಿ ಒರೆಸಿಕೊಂಡು ಎದ್ದು ಬರಲು ನಮ್ಮ ಜನರಿಗೆ ಬಾರದು. ದಾಕ್ಷಿಣ್ಯದ ಜನ. ಮೂರು ಸಲ ನೀರು ಕುಡಿದವನು ನಾಲ್ಕನೆಯ ಸಲ ಗಸ್‌ನ ಮುಖ ನೋಡಲಾರದೆ ಒಂದು ಬಿಯರ್ ಹೇಳುತ್ತಿದ್ದ. ಆ ವರ್ಷ ಊರಿನಲ್ಲಿ ಕುಡಿತಕ್ಕೆ ಬಿದ್ದವರಲ್ಲಿ ಅರ್ಧದಷ್ಟು ಜನರನ್ನು ಕೆಡಿಸಿದ್ದು ಚಟವಲ್ಲ, ದಾಕ್ಷಿಣ್ಯ.

ಪ್ರತಿ ಸಂಜೆ ಗಸ್ ಬಾಗಿಲಿಗೆ ಬಂದು, “ಮುಚ್ಚೋ ಹೊತ್ತಾಯ್ತು, ಮನೆಗೆ ನಡೀರಿ!” ಎಂದು ಕೂಗುತ್ತಿದ್ದ. ಎದುರಿನ ಬೆಂಚಿನ ಮೇಲೆ, ಲೋಟವಿಲ್ಲದ ಕಲ್ಲಿನ ಪಕ್ಕ ಕುಳಿತ ಸ್ಟ್ರೌಡಮ್ಮ ಆ ಕೂಗು ಕೇಳಿಯೇ ಎದ್ದು ಹೋಗುತ್ತಿದ್ದರು. ಒಮ್ಮೊಮ್ಮೆ ಏಳಲು ಬಹಳ ಹೊತ್ತು ಹಿಡಿಯುತ್ತಿತ್ತು.

ಪುರಸಭೆ ಒಂದು ಉಪಾಯ ಕಂಡುಹಿಡಿಯಿತು. ನಗರಗಳಲ್ಲಿ ಚಿಮ್ಮುನಳ ಬಂದಿದೆಯಂತೆ: ನೀರು ಮೇಲಕ್ಕೆ ಚಿಮ್ಮುತ್ತದೆ, ಬಗ್ಗಿ ಬಾಯಿ ಒಡ್ಡಿದರಾಯಿತು, ಲೋಟದ ಗೊಡವೆಯೇ ಇಲ್ಲ. ಆ ಸುದ್ದಿ ಹೇಳಲು ಆರ್ವಿಲ್ ಉತ್ಸಾಹದಿಂದ ಬೆಂಚಿನ ಬಳಿಗೆ ಬಂದ.

“ದುಡ್ಡು?” ಎಂದರು ದೊಡ್ಡಮ್ಮ.

“ಪುರಸಭೇದು.”

“ಪುರಸಭೆಗೆ ಎಲ್ಲಿಂದ?”

ಆರ್ವಿಲ್ ಟೋಪಿ ತೆಗೆದು ಅದರೊಳಗೆ ಉತ್ತರ ಇದೆಯೇನೋ ಎಂಬಂತೆ ನೋಡಿದ. “ಗಸ್ ಕಟ್ಟೋ ಪರವಾನಗಿ ಹಣದಿಂದ. ಊರಿನ ದೀಪ, ಮೋರಿ, ನನ್ನ ಸಂಬಳ ಎಲ್ಲಾ ಅದರಿಂದ್ಲೇ ಅಲ್ವಾ ದೊಡ್ಡಮ್ಮ.”

“ಅಂದ್ರೆ ನನ್ನ ಕಲ್ಲಲ್ಲಿ ನೀರು ಚಿಮ್ಮಬೇಕಾದ್ರೆ ಅವನ ಅಂಗಡೀಲಿ ಬಿಯರ್ ಹರೀಬೇಕು.”

“ದುಡ್ಡು ದುಡ್ಡೇ.”

“ಹೌದಪ್ಪ. ಎಂಜಲು ಎಂಜಲೇ ಅಂತ ಸರಪಳಿ ಕಡಿದೋನು ನೀನೇ ತಾನೇ?”

ಚಿಮ್ಮುನಳ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ನಮ್ಮ ಇಲಿನಾಯ್ ರಾಜ್ಯದ ಹೆಂಗಸರಿಗೆ ಊರಿನ ಮಟ್ಟದಲ್ಲಿ ಮತದ ಹಕ್ಕು ಬಂತು. ಬಂದ ಹಕ್ಕನ್ನು ಏಪ್ರಿಲ್ ತಿಂಗಳಲ್ಲೇ ಪಡಖಾನೆಯ ಮೇಲೆ ಪ್ರಯೋಗಿಸಿದರು. ಪಡಖಾನೆ ಬೇಕೆನ್ನುವವರು ಹಸಿ ಪಕ್ಷ, ಬೇಡವೆನ್ನುವವರು ಒಣ ಪಕ್ಷ. ಬೆಂಕಿ ಆರಿಸುವ ಬಂಡಿಯ ಕೊಟ್ಟಿಗೆಯಲ್ಲಿ ಮತದಾನ. ಈಸ್ಟರ್‌ಗೆಂದು ತೆಗೆದಿಟ್ಟ ಟೋಪಿಗಳೆಲ್ಲ ಆ ದಿನ ಸಾಲಿನಲ್ಲಿ ನಿಂತಿದ್ದವು. ಸ್ಟ್ರೌಡಮ್ಮ ತೆರೆಯ ಹಿಂದಿನಿಂದ ಹೊರಬಂದಾಗ ನಾನು ಪೆನ್ಸಿಲ್ ಹಿಡಿದು ಹತ್ತಿರ ಹೋದೆ.

“ಜೀವನದಲ್ಲಿ ಮೊದಲ ಮತ. ಏನನ್ನಿಸ್ತು ಅಮ್ಮ?”

“ಕಾಲು ನೋವು,” ಎಂದರು. “ಅದನ್ನ ಬರೀಬೇಡಿ. ಹರ್ಷ ಆಯ್ತು ಅಂತ ಬರ್ಕೊಳ್ಳಿ.”

ಒಣ ಪಕ್ಷ ಗೆದ್ದಿತು. ಚರ್ಚಿನ ಗಂಟೆ ಹೊಡೆದರು. ಹಗ್ಗ ಎಳೆದವರು ಡೀಕನ್ ಕ್ರಾಂಪ್ಟನ್, ಯಾರಿಗಿಂತಲೂ ಜೋರಾಗಿ. ಮುಂದಿನ ತಿಂಗಳು ಗಸ್ ಬಾಗಿಲು ಹಾಕಿದ. ಅವನ ಹಣ ನಿಂತದ್ದರಿಂದ ಪುರಸಭೆ ಒಂದು ಬಿಟ್ಟು ಒಂದು ಬೀದಿದೀಪ ಆರಿಸಿತು. ಚಿಮ್ಮುನಳದ ಮಾತನ್ನು ಯಾರೂ ಎತ್ತಲಿಲ್ಲ.

ಜುಲೈ ಬಂತು. ಜೋಳದ ಗರಿ ಸುರುಳಿ ಸುತ್ತಿಕೊಳ್ಳುವ ಬಿಸಿಲು. ಪೇಟೆಗೆ ಬಂದ ರೈತರಿಗೆ ಈ ಕಡೆ ಲೋಟವಿಲ್ಲ, ಆ ಕಡೆ ಪಡಖಾನೆಯಿಲ್ಲ. ಊರು ಮತ ಹಾಕಿದಂತೆಯೇ ಒಣಗಿತ್ತು. ಸೈರಸ್ ಟಟಲ್ ಬಾನಿಯ ಪಕ್ಕ ನಿಂತು ಇಡೀ ಚೌಕಕ್ಕೆ ಕೇಳುವಂತೆ ಹೇಳಿದ: “ನೋಡ್ರಪ್ಪಾ, ನನ್ನ ಹೇಸರಗತ್ತೆಗೆ ಊರು ನೀರು ಕೊಡತ್ತೆ. ಕಂಡೋರ ನಾಯಿಗೂ ಕೊಡತ್ತೆ. ನನಗೆ ಮಾತ್ರ ಕಾನೂನು ಕೊಡತ್ತೆ!” ಎಂದವನೇ ಟೋಪಿ ಕಳಚಿ, ಹೇಸರಗತ್ತೆಯ ಮೂತಿಯ ಪಕ್ಕ ತನ್ನ ಮೂತಿಯನ್ನೂ ಬಾನಿಗಿಟ್ಟು ಕುಡಿದ. ಯಾರೋ ಚಪ್ಪಾಳೆ ತಟ್ಟಿದರು.

ಬೆಂಚಿನ ಮೇಲಿದ್ದ ಸ್ಟ್ರೌಡಮ್ಮ ಎದ್ದರು. ಎಪ್ಪತ್ತರ ಹೆಂಗಸು, ಆ ಬಿಸಿಲಲ್ಲಿ, ಒಂದೊಂದೇ ಹೆಜ್ಜೆ ಇಡುತ್ತ ರಸ್ತೆ ದಾಟಿ, ಜನ್ಮದಲ್ಲಿ ಹತ್ತದ ಮೆಟ್ಟಿಲು ಹತ್ತಿ ಪಡಖಾನೆಯ ಬಾಗಿಲು ತಟ್ಟಿದರು. ನಾನು ಕಿಟಕಿಯ ಗಾಜು ಮೇಲೆತ್ತಿದೆ. ಪತ್ರಿಕಾಧರ್ಮ.

ಗಸ್ ಬಾಗಿಲು ತೆರೆದ. “ಅಮ್ಮಾವ್ರೇ! ಅಂಗಡಿ ಮುಚ್ಚಿದೆ. ನೀವೇ ಮುಚ್ಚಿಸಿದ್ದು.”

“ಗೊತ್ತು. ನಿನ್ನ ಬಿಯರ್ ಲೋಟಗಳೆಲ್ಲ ಏನಾದ್ವು?”

“ಹುಲ್ಲು ಸುತ್ತಿ ಪೆಟ್ಟಿಗೇಲಿ ಇಟ್ಟಿದೀನಿ. ಮಿಲ್ವಾಕಿಗೆ, ಮಗಳ ಮನೆಗೆ ಹೊರಟಿದೀನಿ. ಯಾಕೆ, ಒಡೆಯೋಕೆ ಬಂದ್ರಾ?”

“ಒಡೆಯೋ ವಯಸ್ಸು ದಾಟ್ತು ಕಣಯ್ಯ. ಎರವಲು ಕೊಡು.”

ಗಸ್ ಒಳಗಿನ ಪೆಟ್ಟಿಗೆಗಳ ಕಡೆ ತಿರುಗಿ ನೋಡಿದ. “ಗಾಜು ದಪ್ಪ ಅಮ್ಮಾವ್ರೇ. ಭಾರ. ಶನಿವಾರ ಪೂರ್ತಿ ತೊಳೆಯೋಕೆ ನಿಮ್ಮ ಕೈಲಿ ಆಗಲ್ಲ.”

“ನನ್ನ ಕೈಲಿ ಆಗಲ್ಲ. ಅದಕ್ಕೇ ನಿನ್ನನ್ನೂ ಎರವಲು ಕೇಳ್ತಿದೀನಿ.”

“ನನಗೆ ಮಂಡಿನೋವು.”

“ನನಗೇನು ಮಂಡಿ ಇಲ್ವಾ? ಕೂತು ತೊಳಿ.”

ಮುಂದಿನ ಶನಿವಾರ ಅರವಟ್ಟಿಗೆಯ ಪಕ್ಕ ಎರಡು ಪೀಪಾಯಿಯ ಮೇಲೆ ಒಂದು ಹಲಗೆ ಬಂತು. ಹಿಂದೆ ಒಲೆ, ಒಲೆಯ ಮೇಲೆ ಬಟ್ಟೆ ಕುದಿಸುವ ಹಂಡೆ, ಹಂಡೆಯ ಮುಂದೆ ಮುಕ್ಕಾಲಿಯ ಮೇಲೆ ಗಸ್. ಅವನು ತೊಳೆದು ಮಗುಚುವನು. ಸ್ಟ್ರೌಡಮ್ಮ ನಳದಲ್ಲಿ ತುಂಬಿ ಹಲಗೆಯ ಮೇಲಿಡುವರು. ತಲೆಗೊಂದು ತೊಳೆದ ಲೋಟ, ಕಾನೂನಿನ ಅಕ್ಷರ ಅಕ್ಷರಕ್ಕೂ ಸರಿಯಾಗಿ. ರೈತರು ಬಂದರು. ಬಂದವರು ತಮಗರಿವಿಲ್ಲದೆ ಹಲಗೆಗೆ ಮೊಣಕೈ ಊರಿ, ಒಂದು ಕಾಲನ್ನು ಬಾನಿಯ ಅಂಚಿನ ಮೇಲಿಟ್ಟು, ಟೋಪಿ ಹಿಂದಕ್ಕೆ ಸರಿಸಿದರು. ಪಡಖಾನೆಯಲ್ಲಿ ಕಲಿತ ಬಹಳ ವರ್ಷಗಳ ರೂಢಿ.

“ನೊರೆ ಇಲ್ವಾ ಸ್ಟ್ರೌಡಮ್ಮ?” ಎಂದ ಒಬ್ಬ.

“ಬೇಕಿದ್ರೆ ಗಸ್‌ನ ಸಾಬೂನು ನೀರಿಂದ ತಗೋ.”

ಸಂಘದ ಇಬ್ಬರು ಹೆಂಗಸರು ಬಂದು, ಲೋಟಗಳ ಮೇಲೆ ಬಿಯರ್ ಕಾರ್ಖಾನೆಯ ಹೆಸರಿದೆಯೆಂದು ತೋರಿಸಿದರು. “ಓದ್ತಾ ನಿಲ್ಬೇಡಿ, ಹಿಂದೆ ಜನ ಕಾಯ್ತಿದಾರೆ,” ಎಂದರು ಅಧ್ಯಕ್ಷೆ. ಡೀಕನ್ನರು ಎರಡು ಲೋಟ ಕುಡಿದು, ದಾಕ್ಷಿಣ್ಯಕ್ಕೆ ಮೂರನೆಯದನ್ನೂ ಕುಡಿದರು. ಆರ್ವಿಲ್ ಹಂಡೆಯಲ್ಲಿ ಬೆರಳದ್ದಿ ನೋಡಿದ.

“ಇದು ಸಾಲದು ದೊಡ್ಡಮ್ಮ. ಕುದೀಬೇಕು.”

“ಸೌದೆ ಅಲ್ಲಿದೆ. ಹಾಕು.”

ಅವನು ಕೋಟು ಕಳಚಿ ಕೋರ್ಟಿನ ಬೇಲಿಗೆ ನೇತುಹಾಕಿದ.

ಬಿಸಿಲು ಇಳಿದು ಗಾಡಿಗಳು ಹೊರಡುವ ಹೊತ್ತಿಗೆ ಸ್ಟ್ರೌಡಮ್ಮ ಹಲಗೆಗೆ ಒರಗಿಕೊಂಡೇ ನಿಂತಿದ್ದರು. ಕೈ ಸೋತಿತ್ತು. ಗಸ್ ಒಂದು ಲೋಟ ತುಂಬಿ ಅವರ ಮುಂದಿಟ್ಟ. ಅವರ ಕೈ ತಾನಾಗಿ ಏಪ್ರನ್ನಿನ ತುದಿ ಹುಡುಕಿ ಲೋಟದ ಅಂಚು ಒರೆಸಿತು.

“ಎರಡು ಸಲ ತೊಳೆದಿದೀನಿ,” ಎಂದ ಗಸ್, ನೊಂದುಕೊಂಡು.

“ಗೊತ್ತಪ್ಪ. ಕೈಗೆ ಗೊತ್ತಿಲ್ಲ.” ಅವರು ಕುಡಿದರು, ನಡುವೆ ಉಸಿರು ತೆಗೆದುಕೊಳ್ಳುತ್ತ. “ಅಲ್ಲ ಗಸ್, ಒಂದು ಪಡಖಾನೆ ಮುಚ್ಚೋಕೆ ನನ್ನ ಆಯಸ್ಸು ಸವೀತು. ಈಗ ಈ ಹಲಗೆ ಹಿಂದೆ ನಿಂತಿರೋಳು ಯಾರು ಹೇಳು?”

“ನೋಡ್ದೆ, ನೋಡ್ದೆ. ಕೆಲಸ ಕಲಿತೀರಿ. ಸ್ವಲ್ಪ ಹೊರಗೆ ಚೆಲ್ತೀರಿ, ಅಷ್ಟೆ.”

“ಮಿಲ್ವಾಕಿಗೆ ಯಾವಾಗ?”

“ಬಿಸಿಲು ಕಳೀಲಿ,” ಎಂದ ಗಸ್, ಮುಖ ತಿರುಗಿಸದೆ.

ಎಲ್ಲರೂ ಹೋದಮೇಲೂ ಸೈರಸ್ ಟಟಲ್ ಮೊಣಕೈ ಎತ್ತಿರಲಿಲ್ಲ. ಮನೆಯಲ್ಲಿ ಅವನಿಗಾಗಿ ಕಾಯುವವರು ಹೇಸರಗತ್ತೆಗಳು ಮಾತ್ರ. ಅವೂ ಈಗ ಇಲ್ಲೇ ನಿಂತಿದ್ದವು. ಸ್ಟ್ರೌಡಮ್ಮ ಗಸ್‌ನ ಕಡೆ ನೋಡಿದರು. ಗಸ್ ಗದ್ದದಿಂದ ಸನ್ನೆ ಮಾಡಿದ: ನೀವೇ ಹೇಳಿ. ಅವರು ಗಂಟಲು ಸರಿಮಾಡಿಕೊಂಡರು.

“ಮುಚ್ಚೋ ಹೊತ್ತಾಯ್ತು. ಮನೆಗೆ ನಡೀರಿ.”

ಗಸ್‌ನಷ್ಟು ಜೋರಾಗಿ ಬರಲಿಲ್ಲ, ಆದರೂ ಚೌಕ ದಾಟಿ ನನ್ನ ಕಿಟಕಿಯವರೆಗೆ ಕೇಳಿಸಿತು.

“ಇನ್ನೊಂದೇ ಒಂದು, ಸ್ಟ್ರೌಡಮ್ಮ,” ಎಂದ ಸೈರಸ್, ಲೋಟ ಮುಂದೆ ತಳ್ಳಿ.

“ಕೊಡಬೇಡಿ,” ಎಂದ ಗಸ್. “ಇನ್ನೊಂದು ಅನ್ನೋರಿಗೆ ಕೊನೆ ಅನ್ನೋದಿಲ್ಲ.”

ಸ್ಟ್ರೌಡಮ್ಮ ಆ ಲೋಟವನ್ನು ತೊಳೆಯಲೆಂದು ಗಸ್‌ನ ಕೈಗೆ ಕೊಟ್ಟು, ತೊಳೆದಿಟ್ಟ ಇನ್ನೊಂದನ್ನು ಎತ್ತಿಕೊಂಡು ನಳದ ಕಡೆಗೆ ತಿರುಗಿದರು.