ಮುಚ್ಚಳದೊಳಗಿನ ಮೂರು ಚುಕ್ಕೆ

ನಮ್ಮ ಗಡಿಯಾರ ರಿಪೇರಿ ಅಂಗಡಿಯಲ್ಲಿ ಹೆಂಗಸರು ಉಪಕರಣ ಮುಟ್ಟುವ ಹಾಗಿಲ್ಲ. ಕಾರಣ ಒಂದು ಕಥೆ. ದೊಡ್ಡಪ್ಪನ ತಂಗಿ, ಅಂದರೆ ನನ್ನ ಅತ್ತೆ, ಹದಿನಾರರಲ್ಲಿ ಅಂಗಡಿಯ ಗೋಡೆ ಗಡಿಯಾರ ಬಿಚ್ಚಿ, ಕೈ ನಡುಗಿ ಹಾಳುಗೆಡವಿದಳಂತೆ. ದೊಡ್ಡಪ್ಪ ಮೂರು ದಿನ ಊಟ ಬಿಟ್ಟು ಅದನ್ನು ಬದುಕಿಸಿದರಂತೆ. ಅತ್ತೆ ಅಂದಿನಿಂದ ಸ್ಕ್ರೂಡ್ರೈವರ್ ಹಿಡಿದಿಲ್ಲವಂತೆ. ದೊಡ್ಡಪ್ಪ ಗಿರಾಕಿಗಳಿಗೆ ಇದನ್ನು ಹೇಳುವಾಗ, ಅಂಗಡಿ ಹಿಂದಿನ ಅಡುಗೆಮನೆಯಿಂದ ಅತ್ತೆಯೂ ನಗುತ್ತ ಹೂಂಗುಟ್ಟುತ್ತಾಳೆ.

ನನಗೆ ಆ ನಗುವಿನ ಮೇಲೇ ಅನುಮಾನ. ಕಥೆಯೂ ಪ್ರತಿ ಸಲ ಬದಲಾಗುತ್ತದೆ: ಒಮ್ಮೆ ಮುರಿದದ್ದು ಸ್ಪ್ರಿಂಗ್, ಇನ್ನೊಮ್ಮೆ ಮುಳ್ಳು, ಹೋದ ತಿಂಗಳು ಹಲ್ಲಿನ ಚಕ್ರ. ಹೇಳುವವನು ಹೆಡ್ಡನಾದರೆ ಕೇಳುವವನಿಗೆ ಮತಿ ಬೇಡವೇ? ಹತ್ತು ವರ್ಷದಿಂದ ಕೈಗಡಿಯಾರದ ಬೆಲ್ಟು ಬದಲಿಸುತ್ತ, ಕದ್ದು ನೋಡಿ ಪೂರ್ತಿ ಕೆಲಸ ಕಲಿತವಳು ನಾನು. ಈಗ ದೊಡ್ಡಪ್ಪನ ಕಣ್ಣು ಮಂಜಾಗಿದೆ. ಸೋಮವಾರದಿಂದ ರಿಪೇರಿ ಕುರ್ಚಿ ನನ್ನ ತಮ್ಮನಿಗಂತೆ. ಅವನಿಗೋ ಈ ಕೆಲಸದ ಹಿಂದುಮುಂದು ಗೊತ್ತಿಲ್ಲ. ಹೊಟ್ಟೆ ಉರಿಯದೆ ಇನ್ನೇನು?

ಶನಿವಾರ ಆ ಗೋಡೆ ಗಡಿಯಾರವೇ ನಿಂತಿತು.

"ನೀನು ಮುಟ್ಬೇಡ, ತಮ್ಮ ನೋಡ್ತಾನೆ" ಎಂದು ದೊಡ್ಡಪ್ಪ ನೆಂಟರ ಮನೆ ಊಟಕ್ಕೆ ಹೋದರು.

ನಾನು ಬಾಗಿಲು ಅರ್ಧ ಎಳೆದು ಹಿಂದಿನ ತಗಡಿನ ಮುಚ್ಚಳ ಬಿಚ್ಚಿದೆ. ರಿಪೇರಿ ಮಾಡಿದವರು ಅದರ ಒಳಮೈಗೆ ತಾರೀಖು ಮತ್ತು ತಮ್ಮ ಗುರುತು ಗೀಚಿಡುವುದು ನಮ್ಮ ಕಸುಬಿನ ರೂಢಿ. ಒಂಬತ್ತು ತಾರೀಖುಗಳಿದ್ದವು, ಕೊನೆಯದು ಐದು ವರ್ಷದ ಹಿಂದಿನದು. ಪ್ರತಿಯೊಂದರ ಪಕ್ಕದಲ್ಲೂ ಮೂರು ಚುಕ್ಕೆ. ನಮ್ಮ ಪಾತ್ರೆಗಳ ತಳಕ್ಕೆಲ್ಲ ಅತ್ತೆ ಹಾಕುವ ಗುರುತು ಅದು. ದೊಡ್ಡಪ್ಪನದು ಒಂದೂ ಇರಲಿಲ್ಲ.

ಅಡುಗೆಮನೆಗೆ ಹೋಗಿ ಮುಚ್ಚಳವನ್ನು ಅತ್ತೆಯ ಮುಂದೆ ಹಿಡಿದೆ. ಅವಳು ನಿಧಾನಕ್ಕೆ ಕೈ ಒರೆಸಿಕೊಂಡಳು.

"ಹೆಂಗಸಿನ ಕೈಗೆ ಯಾರು ಗಡಿಯಾರ ಕೊಡ್ತಿದ್ರು ಹೇಳು? ಅಂಗಡಿ ನಡೀಬೇಕಿತ್ತು. ಯಾರಿಗೂ ಅನುಮಾನ ಬರದಿರ್ಲಿ ಅಂತ ಆ ಕಥೆ ಕಟ್ಟಿದ್ದೇ ನಾನು. ಅಣ್ಣನ ಕೈಲಾಗದ್ದನ್ನೆಲ್ಲ ರಾತ್ರಿ ನೀವು ಮಲಗಿದ ಮೇಲೆ ಈ ಕಿಟಕಿ ಹತ್ರ ಕೂತು ನಾನು ರಿಪೇರಿ ಮಾಡೋದು, ಬೆಳಿಗ್ಗೆ ಅಣ್ಣ ಹೊರಗೆ ಕೊಡೋದು."

"ನೀನು ಕಟ್ಟಿದ ಕಥೆ ಈಗ ನನ್ನ ಕುರ್ಚಿ ಕಿತ್ಕೊಳ್ತಿದೆ, ಅತ್ತೆ."

ಈ ಸಲ ಅವಳು ನಗಲಿಲ್ಲ.

ಸೋಮವಾರ ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ದೊಡ್ಡಪ್ಪ ಗಿರಾಕಿಯೊಬ್ಬರಿಗೆ ಅದೇ ಕಥೆ ಶುರುಮಾಡಿದರು. ನಾನು ಮುಚ್ಚಳವನ್ನು ತಂದು ಮೇಜಿನ ಮೇಲಿಟ್ಟೆ. ಅವರು ಭೂತಗನ್ನಡಿ ಹಿಡಿದು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಾಣಿಸ್ತಿಲ್ವಾ ಅಣ್ಣ? ನಾನು ಹೇಳ್ತೀನಿ ಬಿಡು." ಅತ್ತೆ ಒಳಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದಲೇ, ಮುಚ್ಚಳ ನೋಡದೆ, ಒಂಬತ್ತೂ ತಾರೀಖು ಹೇಳಿದಳು.

ದೊಡ್ಡಪ್ಪ ರಿಪೇರಿ ಕುರ್ಚಿಯಿಂದ ಎದ್ದರು. ನಾನು ಕೂತೆ.

ಮಾರನೆಯ ದಿನ ಅವರು ಹೊಸ ಗಿರಾಕಿಗೆ ಹೇಳುತ್ತಿದ್ದರು: "ನಮ್ಮನೆ ಹೆಣ್ಮಕ್ಕಳಿಗೆ ಈ ಕೆಲಸ ಕಲಿಸಿದ್ದೇ ನಾನು."

ನಾನು ತಲೆಯೆತ್ತಲಿಲ್ಲ. ನಾನು ಸರಿಮಾಡಿದ ಗೋಡೆ ಗಡಿಯಾರ ಓಡುತ್ತಿದೆ. ಮುಚ್ಚಳ ಮಾತ್ರ ಇನ್ನೂ ಹಾಕಿಲ್ಲ. ಒಳಮೈ ಗಿರಾಕಿಗಳಿಗೆ ಕಾಣುವ ಹಾಗೆ ಮೇಜಿನ ಮೇಲೆ ನಿಲ್ಲಿಸಿದ್ದೇನೆ.