ದುರಂತಾ ಬೇಲಿ

ಹಜೀರಾಬೀಗೆ ತಂಗಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ದಿಲ್ಷಾದ್ ಬೇಗಂ ಕಾರ್ಖಾನೆಯ ಆಫೀಸರ್ ಕ್ವಾರ್ಟರ್ಸಿಗೆ ಹೋದ ಮೇಲೆ ಆ ಪ್ರೀತಿಗೆ ಹೊರಬರಲು ದಾರಿಯೇ ಸಿಗುತ್ತಿರಲಿಲ್ಲ. ಬಾಯಿ ತೆರೆದರೆ ಬೈಗುಳವೇ ಮೊದಲು ಬರುತ್ತಿತ್ತು.

ಎಂಬತ್ತೆರಡನೇ ಇಸವಿ, ಯುಗಾದಿ ಹತ್ತಿರ ಬಂದಿತ್ತು. ದಾವಣಗೆರೆಯ ಹಳೇ ಪೇಟೆಯ ಗಲ್ಲಿಯೊಂದರಲ್ಲಿ ಹಜೀರಾಬೀಯ ಗಂಡ ಲಾಲ್ ಸಾಬ್ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ಎರಡರ ತುಂಬಾ ಅರಳೆ. ಒಂದು ಮಧ್ಯಾಹ್ನ ದಿಲ್ಷಾದ್ ಹರಿಹರದ ಬಸ್ಸಿಳಿದು ಬಂದವಳು ಹೊಸ್ತಿಲಲ್ಲೇ ನಿಂತು ಸೀರೆಯ ನೆರಿಗೆ ಎತ್ತಿ ಹಿಡಿದಳು.

"ಒಳಗೆ ಬಾರೇ. ಅರಳೆ ಹತ್ತಿದ್ರೆ ನಿನ್ನ ಸೀರೆ ಸಾಯಲ್ಲ," ಎಂದಳು ಹಜೀರಾಬೀ.

"ಆಪಾ, ಬೈಬ್ಯಾಡ. ಒಂದು ಕೆಲಸ ಐತೆ."

"ಕೆಲಸ ಇಲ್ದೆ ನೀನೆಲ್ಲಿ ಬರ್ತೀಯ?"

ದಿಲ್ಷಾದ್ ಒಳಗೆ ಬಂದು ಮಣೆಯ ತುದಿಯಲ್ಲಿ ಕುಳಿತು ವಿಷಯ ಹೇಳಿದಳು. ಹರಿಹರದ ಪಕ್ಕ ಗುತ್ತೂರಿನ ಬದಿಯಲ್ಲಿದ್ದ ಆ ಕಾರ್ಖಾನೆಗೆ ಅವಳ ಗಂಡ ಜಾಫರ್ ಫಿಟ್ಟರ್ ಆಗಿ ಸೇರಿ, ಹಿಂದಿನ ವರ್ಷವಷ್ಟೇ ಆಫೀಸರ್ ಆಗಿದ್ದ. ಕಾರ್ಮಿಕರ ಸಾಲುಮನೆ ಬಿಟ್ಟು, ಸುತ್ತಲೂ ತೋಟವಿದ್ದ ಬಂಗಲೆಗೆ ಬಂದಿದ್ದರು. ಈಗ ಆಫೀಸರುಗಳ ಹೆಂಡಂದಿರ ಕ್ಲಬ್ಬಿನವರು 'ವಸಂತ ಸ್ವಾಗತ' ಎಂದು ಹಬ್ಬ ಇಟ್ಟುಕೊಂಡಿದ್ದರು. ಭಾನುವಾರ ಎಲ್ಲರ ಮನೆಯ ಬೇಲಿ ನೋಡುತ್ತಾರೆ, ಚೆನ್ನಾಗಿ ಕತ್ತರಿಸಿದ ಬೇಲಿಗೆ ಕಪ್ಪು ಕೊಡುತ್ತಾರೆ.

"ಎಂಥಾ ಕಪ್ಪು? ಚಾ ಕುಡಿಯೋದಾ?"

"ಆಪಾ, ಬೆಳ್ಳಿ ಬಣ್ಣದ್ದು. ಷೋಕೇಸಿಗೆ ಇಡೋದು."

"ವಸಂತಕ್ಕೆ ಸ್ವಾಗತ ಹೇಳಾಕೆ ಕಮಿಟಿ ಮಾಡ್ಯಾರಾ? ಅದೇನು ಮಂತ್ರಿನಾ, ರೈಲಿಳಿದು ಬರಾಕೆ?"

ದಿಲ್ಷಾದ್ ನಗಲಿಲ್ಲ. ಕಂಪನಿಯ ಮಾಲಿ ಮಾರಪ್ಪ ಮೊದಲು ಮ್ಯಾನೇಜರ್ ಬಂಗಲೆ ಮುಗಿಸಿ, ಆಮೇಲೆ ಹುದ್ದೆಯ ಪ್ರಕಾರ ಒಂದೊಂದೇ ಮನೆಗೆ ಬರುತ್ತಾನೆ. ಜಾಫರನ ಮನೆ ಕೊನೆಯದು. ತನ್ನ ಬೇಲಿಗೆ ಕತ್ತರಿ ಬೀಳುವಷ್ಟರಲ್ಲಿ ಭಾನುವಾರ ಕಳೆದಿರುತ್ತದೆ. "ನೀನು ಬಂದ್ರೆ ಒಂದೇ ದಿನದ ಕೆಲಸ," ಎಂದಳು. "ಅಬ್ಬಾನ ಕತ್ತರಿ ನಿನ್ನ ಹತ್ರನೇ ಐತಲ್ಲ."

ಅವರ ತಂದೆ ಕರೀಂ ಸಾಬ್ ಹರಿಹರದ ಹೊಳೆ ದಂಡೆಯ ಸರ್ಕಾರಿ ಬಂಗಲೆಯಲ್ಲಿ ಮಾಲಿಯಾಗಿದ್ದವನು. ಗಂಡು ಮಕ್ಕಳಿರಲಿಲ್ಲ. ದೊಡ್ಡವಳಾದ ಹಜೀರಾಬೀ ಚಿಕ್ಕಂದಿನಿಂದಲೇ ಎರಡು ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು ತಂದೆಯ ಜೊತೆ ಬೇಲಿ ಕತ್ತರಿಸಿದಳು. ಚಿಕ್ಕವಳು ನಾಜೂಕು ಎಂದು ಶಾಲೆಗೆ ಕಳಿಸಿದರು. ಹಜೀರಾಬೀ ಅದಕ್ಕೆ ಯಾವತ್ತೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಆದರೆ ಆ ಶಾಲೆ ಕಲಿತ ಹುಡುಗಿ ಈಗ ಬೆಳ್ಳಿ ಬಣ್ಣದ ತಗಡಿಗಾಗಿ ಕಣ್ಣಲ್ಲಿ ನೀರು ತಂದುಕೊಂಡು ಕೂತಿರುವುದನ್ನು ಕಂಡು, ಆ ಓದೆಲ್ಲ ದಂಡ ಎಂದುಕೊಂಡಳು.

ಆದರೂ ಹೋದಳು. ಗಲ್ಲಿಯಲ್ಲಿ ಹಸಿರು ಎಂಬುದು ಕೊತ್ತಂಬರಿ ಕಟ್ಟಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕತ್ತರಿ ಹಿಡಿಯದೆ ಕೈ ತುರಿಸುತ್ತಿತ್ತು. ಲಾಲ್ ಸಾಬ್ ಸೂಜಿಗೆ ದಾರ ಪೋಣಿಸುತ್ತಾ, "ಬೈಕೊಂತಾನೇ ಹೊಂಟೀಯಲ್ಲ," ಎಂದ.

"ಬೈಯಾಕೇ ಹೊಂಟೀನಿ," ಎಂದಳು ಹಜೀರಾಬೀ.

ಶನಿವಾರ ಬೆಳಿಗ್ಗೆ ಅವಳು ಕಾಲೋನಿ ಮುಟ್ಟಿದಾಗ ದಾರಿಯ ಹೊಂಗೆ ಮರಗಳು ಯಾವ ಕಮಿಟಿಯನ್ನೂ ಕೇಳದೆ ಎಳೆ ಹಸಿರು ಉಟ್ಟು ನಿಂತಿದ್ದವು. ಬೇವು ಹೂಬಿಟ್ಟಿತ್ತು. ಅವುಗಳ ಕೆಳಗೆ ಬಟ್ಟೆಯ ಬ್ಯಾನರು: ವಸಂತಕ್ಕೆ ಸುಸ್ವಾಗತ. ಕಟ್ಟಿದವರು ಬೇವಿನ ಒಂದು ಕೊಂಬೆ ಮುರಿದು ಹಾಕಿದ್ದರು. ಪ್ರತಿ ಗೇಟಿನ ಕಲ್ಲಿಗೂ ಸುಣ್ಣ ಬಳಿದಿತ್ತು. ಒಬ್ಬ ಆಫೀಸರ್ ಹೆಂಡತಿ ಕೊಡೆ ಹಿಡಿದು ನಿಂತು, ಆಳಿನ ಕೈಯಲ್ಲಿ ಕ್ರೋಟನ್ ಗಿಡದ ಎಲೆಯೆಲೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿಸುತ್ತಿದ್ದಳು. ಹಜೀರಾಬೀ ನಿಂತು ನೋಡಿ, "ಎಣ್ಣೆ ಹಚ್ಚಿ ತಲೆ ಬಾಚೋದೊಂದು ಬಾಕಿ," ಎಂದು ಗೊಣಗಿ ಮುಂದೆ ನಡೆದಳು.

ದಿಲ್ಷಾದಳ ಬೇಲಿ ಆಳೆತ್ತರ ಬೆಳೆದು, ಮುಳ್ಳು ಚಾಚಿ, ದಾರಿಗೆ ಬಾಗಿತ್ತು.

"ಏನು ಗಿಡ ಇದು?"

"ದುರಂತಾ."

"ಒಳ್ಳೇ ಹೆಸರು ಇಟ್ಟಾರೆ," ಎಂದು ಹಜೀರಾಬೀ ಸ್ಟೂಲು ತರಿಸಿಕೊಂಡು ಹತ್ತಿದಳು.

ಕತ್ತರಿ ಕೈಗೆ ಬಂದ ಮೇಲೆ ಅವಳ ಬಾಯಿ ನಿಂತಿತು. ಎಳೆದು ಕಟ್ಟಿದ ದಾರದ ಗುಂಟ ಎಲೆ ಉದುರುತ್ತಾ ಹೋಯಿತು. ಮಧ್ಯಾಹ್ನ ದಾಟುವಷ್ಟರಲ್ಲಿ ಮುಂಭಾಗದ ಬೇಲಿ ಗೋಡೆಯ ಹಾಗೆ ನಿಂತಿತ್ತು. ಅವಳ ತಲೆ, ಹೆಗಲು, ಸೆರಗು ಎಲ್ಲ ಸೊಪ್ಪು ಧೂಳು. ಮುಂಗೈಯಲ್ಲಿ ಮುಳ್ಳು ಗೀರಿದ ರಕ್ತ.

ಆಗಲೇ ಮ್ಯಾನೇಜರ್ ಹೆಂಡತಿ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ನಾಳೆಯ ಏರ್ಪಾಡು ನೋಡಲು ಬಂದಿದ್ದಳಂತೆ. ದಿಲ್ಷಾದ್ ಒಳಗಿನಿಂದ ಓಡಿ ಬಂದು, "ಬರ್ರಿ ಮೇಡಂ, ಕೂಡ್ರಿ," ಎಂದು ಕುರ್ಚಿ ಎಳೆದಳು.

ಮ್ಯಾನೇಜರ್ ಹೆಂಡತಿ ಕೂರಲಿಲ್ಲ. ಸ್ಟೂಲಿನ ಮೇಲಿದ್ದ ಹಜೀರಾಬೀಯನ್ನೂ ದಿಲ್ಷಾದಳನ್ನೂ ಒಮ್ಮೆ ನೋಡಿದಳು. "ಇವಳು ಯಾರು? ಹೊಸ ಮಾಲಿನಾ?"

ದಿಲ್ಷಾದ್ ಅಕ್ಕನ ಕಡೆ ತಿರುಗಲೂ ಇಲ್ಲ. "ಹ್ಞೂಂ ಮೇಡಂ. ದಾವಣಗೆರೆಯಿಂದ ಕರೆಸಿದ್ದು."

"ಹೆಂಗಸು ಮಾಲಿ! ಎಷ್ಟು ಚೆನ್ನಾಗಿ ಮಾಡ್ತಾಳೆ. ನಿಮ್ಮ ತಂದೆ ಪಿ.ಡಬ್ಲ್ಯು.ಡಿ.ನಲ್ಲಿ ಇದ್ದರು ಅಂದಿದ್ರಲ್ಲ, ಆ ಕಾಲದ ಪರಿಚಯವೇನೋ?"

"ಹೌದು ಮೇಡಂ. ಆ ಕಾಲದ್ದು."

ಕತ್ತರಿ ಒಂದು ಕ್ಷಣ ನಿಂತಿತು. ಸರ್ಕಾರಿ ಬಂಗಲೆ ಪಿ.ಡಬ್ಲ್ಯು.ಡಿ.ಯದು, ಆದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಸುಳ್ಳಿಗೆ ಇಷ್ಟು ನೀಟಾಗಿ ಇಸ್ತ್ರಿ ಮಾಡುವುದನ್ನು ಶಾಲೆಯಲ್ಲಿ ಕಲಿಸಿದರೇನೋ ಎನ್ನಿಸಿತು ಹಜೀರಾಬೀಗೆ. ಕೆಳಗಿಳಿದು ಕತ್ತರಿ ಎಸೆದು ಹೋಗಿಬಿಡಬಹುದಿತ್ತು. ಆದರೆ ಅಕ್ಕ ಎಂದು ಹೇಳಿಕೊಳ್ಳಲು ನಾಚಿದವಳ ಎದುರು ಅಳುವುದಾಗಲಿ ಕಿರುಚುವುದಾಗಲಿ ಅವಳಿಗೆ ಬೇಡವಾಯಿತು. ಉಳಿದ ಬೇಲಿಯನ್ನು ಕೊನೆಯ ಎಲೆಯವರೆಗೆ ಕತ್ತರಿಸಿ, ಸೊಪ್ಪು ಗುಡಿಸಿ, ಕೈ ತೊಳೆದಳು.

"ಊಟ ಮಾಡು ಆಪಾ," ಎಂದಳು ದಿಲ್ಷಾದ್ ಬಾಗಿಲ ಮರೆಯಿಂದ.

"ಮಾಲಿಗೆ ಒಳಗೆ ಊಟ ಹಾಕ್ತೀರೇನ್ರಿ ಅಮ್ಮಾವ್ರೇ?" ಎಂದು ಕೇಳಿ ಹಜೀರಾಬೀ ಬಸ್ಸಿನ ದಾರಿ ಹಿಡಿದಳು.

ಕಪ್ಪು ದಿಲ್ಷಾದಳಿಗೇ ಬಂತು. ಸುದ್ದಿ ತಂದವನು ಜಾಫರ್. ಪೇಟೆಗೆ ಬಂದವನು ಅಂಗಡಿಯಲ್ಲಿ ಕುಳಿತು, ಹೆಂಡತಿ ಅಂದ ಮಾತು ಗೊತ್ತಿಲ್ಲದೆ, "ಎಲ್ಲಾ ನಿಮ್ಮ ಕೈಗುಣ ಆಪಾ," ಎಂದು ಹಲ್ಲು ಬಿಟ್ಟ. ಹಜೀರಾಬೀ ಅವನಿಗೆ ಚಹಾ ಕೊಟ್ಟು ಅರಳೆ ಬಿಡಿಸಲು ಕುಳಿತಳು.

ಯುಗಾದಿ ಮುಗಿದ ಮೇಲೆ ದಿಲ್ಷಾದ್ ತಾನೇ ಬಂದಳು. ಕ್ಷಮೆ ಕೇಳಲು ಬಂದಿರಬೇಕೆಂದು ಹಜೀರಾಬೀ ಎಣಿಸಿ, ಕ್ಷಮಿಸುವುದೋ ಬೇಡವೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವಾಗ, ತಂಗಿ ಕೇಳಿದ್ದೇ ಬೇರೆ.

"ಮ್ಯಾನೇಜರ್ ಮೇಡಂ ನಿನ್ನ ಕಳಿಸು ಅಂತಾರೆ ಆಪಾ. ಅವರ ಬೇಲಿನ ಮಾರಪ್ಪ ಕೆಡಿಸ್ಯಾನಂತೆ. ಮಾಲಿ ಊರಾಗಿಲ್ಲ ಅಂದೆ, ಹುಷಾರಿಲ್ಲ ಅಂದೆ. ಬಿಡವಲ್ರು. ಒಂದೇ ಸಲ ಬಂದು ಹೋಗಿಬಿಡು."

"ಮಾಲಿಯಾಗಿ?"

ದಿಲ್ಷಾದ್ ಸೆರಗಿಗೆ ಹತ್ತಿದ ಅರಳೆ ಕೀಳತೊಡಗಿದಳು.

ಲಾಲ್ ಸಾಬ್ ಎದ್ದು ನಿಂತ. "ಏನಮ್ಮ ದಿಲ್ಷಾದ್, ನಾಚಿಕೆ ಆಗಲ್ಲೇನು?"

"ನೀವು ಸುಮ್ಕಿರ್ರಿ," ಎಂದಳು ಹಜೀರಾಬೀ. ಅವಳ ಮುಖದಲ್ಲಿ ನಗೆ ಇತ್ತು, ಒಳ್ಳೆಯ ನಗೆಯಲ್ಲ. "ಬರ್ತೀನಿ ಕಣೇ. ಯಾಕ ಬರಬಾರದು? ಅಲ್ಲಿ ನೀನೂ ಇರ್ತೀಯ ತಾನೆ?"

"ನನ್ನೂ ಚಾಕ್ಕೆ ಕರೆದಾರೆ."

"ಬಾಳ ಒಳ್ಳೇದಾತು."

ಮ್ಯಾನೇಜರ್ ಬಂಗಲೆಯ ಹುಲ್ಲಿನ ಮೇಲೆ ಬೆತ್ತದ ಕುರ್ಚಿ ಹಾಕಿದ್ದರು. ಹೆಂಗಸರು ಅರ್ಧ ಚಂದ್ರಾಕಾರವಾಗಿ ಕುಳಿತು ಚಹಾ ಕುಡಿಯುತ್ತಾ ಬಿಸಿಲನ್ನು ಬೈಯುತ್ತಿದ್ದರು. ಹೋದ ತಿಂಗಳು ಬ್ಯಾನರು ಕಟ್ಟಿ ಕರೆದಿದ್ದ ವಸಂತ ಈಗ ಅವರಿಗೆ ಸೆಕೆಯಾಗಿತ್ತು. ದಿಲ್ಷಾದ್ ತುದಿಯ ಕುರ್ಚಿಯಲ್ಲಿ, ಎಲ್ಲರಿಗಿಂತ ನೆಟ್ಟಗೆ ಕುಳಿತಿದ್ದಳು. ಹಜೀರಾಬೀ ಯಾರಿಗೂ ನಮಸ್ಕಾರ ಮಾಡದೆ ಕೆಲಸ ಹಿಡಿದಳು. ಬೇಲಿಯ ಅರ್ಧ ಮುಗಿಯುವವರೆಗೆ ಅವಳು ಕಾಯುತ್ತಿದ್ದುದು ಒಂದೇ ಪ್ರಶ್ನೆಗೆ. ಅದು ಬಂತು.

"ನಿನ್ನ ಹೆಸರೇನಮ್ಮ?" ಎಂದಳು ಮ್ಯಾನೇಜರ್ ಹೆಂಡತಿ.

"ಹಜೀರಾಬೀ. ಹೊಳೆ ಬಂಗಲೆ ಮಾಲಿ ಕರೀಂ ಸಾಬ್ರ ಮಗಳು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಇನ್ನೊಬ್ಬಾಕಿ ಅಗಾ ಅಲ್ಲಿ ಕುಂತಾಳೆ, ಬಿಸ್ಕತ್ ತಿಂತಾ."

ದಿಲ್ಷಾದಳ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು. ಉಳಿದವರು ಬೆಚ್ಚಿಬೀಳುತ್ತಾರೆ, ತಂಗಿಯ ಕಡೆ ಬೆರಳು ತೋರಿಸುತ್ತಾರೆ ಎಂದು ಹಜೀರಾಬೀ ಎಣಿಸಿದ್ದಳು. ಯಾರೂ ಬೆಚ್ಚಲಿಲ್ಲ. ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನೊಬ್ಬಳು ಪಕ್ಕದವಳ ತೊಡೆ ತಿವಿದಳು.

ಮ್ಯಾನೇಜರ್ ಹೆಂಡತಿ ಮೆಲ್ಲಗೆ ನಕ್ಕಳು. "ಅಯ್ಯೋ, ನಮಗೆ ಯಾವಾಗಲೋ ಗೊತ್ತು. ಇವರು ಕ್ವಾರ್ಟರ್ಸಿಗೆ ಬಂದ ವಾರವೇ ಮಾರಪ್ಪ ಹೇಳಿದ್ದ, ಅವನೂ ಹರಿಹರದವನೇ ತಾನೆ. ಮೊನ್ನೆ ನಿನ್ನ ನೋಡಿದ ತಕ್ಷಣ ಅಕ್ಕ ಅಂತ ತಿಳೀತು. ಇಬ್ಬರದೂ ಒಂದೇ ಮೂಗು. ಇವರು ನಿನ್ನ ಕಳಿಸ್ತಾರೋ ಇಲ್ಲವೋ ಅಂತ ನಾವು ನಾವೇ ಮಾತಾಡಿಕೊಂಡಿದ್ವಿ."

ಅಂದರೆ ಆ ದಿನ 'ಹೊಸ ಮಾಲಿನಾ?' ಎಂದು ಕೇಳಿದ್ದು ತಿಳಿಯದೆ ಅಲ್ಲ. ಒಂದು ವರ್ಷದಿಂದ ಈ ಹೆಂಗಸರು ದಿಲ್ಷಾದಳನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಬಾಯಿಂದ ಪಿ.ಡಬ್ಲ್ಯು.ಡಿ. ಮಾತು ತೆಗೆಸಿ ತೆಗೆಸಿ, ಅವಳು ಹೋದ ಮೇಲೆ ನಕ್ಕಿದ್ದರು. ಹಜೀರಾಬೀ ತಂಗಿಯ ಮುಖ ನೋಡಿದಳು. ಅವಮಾನ ಮಾಡಲೆಂದೇ ಬಂದಿದ್ದಳು, ಮಾಡಿಯೂ ಆಗಿತ್ತು. ಆದರೆ ತಾನು ಕಟ್ಟಿಕೊಂಡು ಬಂದಿದ್ದ ಸಿಟ್ಟು ಇಷ್ಟು ಹೊತ್ತು ತಪ್ಪು ಮನೆಯ ಬಾಗಿಲು ಬಡಿಯುತ್ತಿತ್ತು ಅನ್ನಿಸಿತು.

ಅವಳು ಸ್ಟೂಲಿನಿಂದ ಇಳಿದು ಕತ್ತರಿಯನ್ನು ಚೀಲಕ್ಕೆ ಹಾಕಿದಳು.

"ಯಾಕೆ? ಇನ್ನರ್ಧ ಇದೆಯಲ್ಲ?" ಎಂದಳು ಮ್ಯಾನೇಜರ್ ಹೆಂಡತಿ.

"ನಮ್ಮ ದಿಲ್ಷಾದ್ ಸುಳ್ಳು ಹೇಳಿದ್ಳು, ಒಪ್ತೀನಿ. ಅದು ಹೆದರಿಕೆ ಸುಳ್ಳು. ನೀವು ಆಡಿದ್ದು ಹೊಟ್ಟೆ ತುಂಬಿದೋರ ಆಟ. ಕಲಿತೋರು, ದೊಡ್ಡೋರು ಅಂತಾರೆ ನಿಮ್ಮನ್ನ. ನಮ್ಮ ಗಲ್ಲಿಯಾಗೆ ನಳದ ಹತ್ರ ಕಿತ್ತಾಡೋರಿಗೂ ನಿಮಗಿಂತ ಮರ್ಯಾದಿ ಐತೆ. ಇನ್ನರ್ಧ ನಿಮ್ಮ ವಸಂತನೇ ಬಂದು ಕತ್ತರಿಸಲಿ."

ಮ್ಯಾನೇಜರ್ ಹೆಂಡತಿಯ ಮುಖ ಕೆಂಪಾಯಿತು. ಹಜೀರಾಬೀ ತಿರುಗಿ ನೋಡದೆ ಗೇಟು ದಾಟಿದಳು.

ಬಸ್ ನಿಲ್ಲುವ ಆಲದ ಮರದ ಹತ್ತಿರ ಬರುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದಾಯಿತು. ದಿಲ್ಷಾದ್ ಏದುಸಿರು ಬಿಡುತ್ತಾ ಬಂದು, "ನನ್ನ ಮಾನ ಕಳೆದೆ!" ಎಂದು ಕಿರುಚಿದಳು.

"ಇದ್ರೆ ತಾನೆ ಕಳೆಯೋದು? ವರ್ಷದಿಂದ ನಿನ್ನ ಮುಂದಿಟ್ಟುಕೊಂಡು ನಗತಿದ್ರು. ಕೇಳಿದೆಯಲ್ಲ?"

"ನನಗೆ ಗೊತ್ತಿತ್ತು."

ಹಜೀರಾಬೀ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

"ಅವರಿಗೆ ಗೊತ್ತೈತೆ ಅಂತ ನನಗೆ ಗೊತ್ತಿತ್ತು ಆಪಾ," ಎಂದಳು ದಿಲ್ಷಾದ್. ಸಿಟ್ಟೆಲ್ಲ ಇಳಿದು ಮಾತು ಸಣ್ಣಗಾಗಿತ್ತು. "ನಾನು ಗೊತ್ತಿಲ್ದಂಗೆ ಇದ್ರೆ ಕರೀತಿದ್ರು. ಕೂರಾಕೆ ಕುರ್ಚಿ ಸಿಗ್ತಿತ್ತು. ಸಾಲುಮನೆಯೋರು ಈಗ ನನ್ನ ಮಾತಾಡಿಸಲ್ಲ, ಆಫೀಸರ್ ಹೆಂಡ್ತಿ ಅಂತಾರೆ. ಇವರೂ ಇಲ್ಲ ಅಂದ್ರೆ ಮಾತಾಡಾಕೆ ಗೋಡೆ ಐತೆ, ಅಷ್ಟೇ. ಜಾಫರ್ ಬೆಳಗ್ಗೆ ಹೋದ್ರೆ ಸಂಜಿಗೆ ಬರ್ತಾರೆ."

"ಅದಕ್ಕ ಅಕ್ಕನ್ನ ಮಾಲಿ ಮಾಡಿದ್ಯಾ?"

"ಮಾಡಿದೆ," ಎಂದಳು. ಬೇರೆ ಸಬೂಬು ಹೇಳಲಿಲ್ಲ. ಅಳುತ್ತಾ ನಿಂತಳು.

ಹಜೀರಾಬೀಗೆ ಅಪ್ಪಿಕೊಳ್ಳಬೇಕೆನ್ನಿಸಲಿಲ್ಲ. ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು. ಅಷ್ಟರಲ್ಲಿ ದಾವಣಗೆರೆಯ ಬಸ್ಸು ಬಂತು. ಅವಳು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಾತಾಡಾಕೆ ಗೋಡೆ ಹುಡುಕ್ತಾಳಂತೆ! ಅರ್ಧ ತಾಸಿನ ದಾರಿಯಾಗೆ ನಾನು ಸತ್ತೀನೇನು?" ಎಂದಳು. ಬಸ್ಸು ಹೊರಟಿತು.

ಆ ಮೇಲೆ ಕ್ಲಬ್ಬಿನವರು ದಿಲ್ಷಾದಳನ್ನು ಚಹಾಕ್ಕೆ ಕರೆಯುವುದು ನಿಂತಿತು. ಜಾಫರನಿಗೆ ಎಲ್ಲ ತಿಳಿದು, ಎರಡು ದಿನ ಹೆಂಡತಿಯೊಡನೆ ಮಾತು ಬಿಟ್ಟ. ಕೆಲಸಕ್ಕೆ ತೊಂದರೆಯಾದೀತೆಂದು ಇನ್ನೆರಡು ದಿನ ಹೆದರಿದ. ಏನೂ ಆಗಲಿಲ್ಲ. ಕಾರ್ಖಾನೆಗೆ ಬೇಕಾದದ್ದು ಅವನ ಕೈ, ಹೆಂಡತಿಯ ತವರಲ್ಲ. ಮ್ಯಾನೇಜರ್ ಬಂಗಲೆಯ ಬೇಲಿ ಅರ್ಧ ಬೋಳಿಸಿದ ತಲೆಯ ಹಾಗೆ ಬಹಳ ದಿನ ನಿಂತಿತ್ತು. ಮಾರಪ್ಪ ಸರಿ ಮಾಡಲು ಹೋಗಿ ಇನ್ನಷ್ಟು ಹಳ್ಳ ತೋಡಿದನೆಂದು ಸಾಲುಮನೆಯವರು ಹೇಳಿಕೊಂಡು ನಕ್ಕರು.

ದಿಲ್ಷಾದ್ ದಾವಣಗೆರೆಗೆ ಬರತೊಡಗಿದಳು. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಬಂದಾಗಲೆಲ್ಲ ಅಕ್ಕ ಬೈಯುತ್ತಿದ್ದಳು, ತಂಗಿ ಗಾದಿಯ ಅಂಚು ಹೊಲಿಯುತ್ತಾ ಕೇಳುತ್ತಿದ್ದಳು. 'ಮಾಲಿ' ಎಂಬ ಮಾತನ್ನು ಹಜೀರಾಬೀ ಅವಳಿಗೆ ಮರೆಯಲು ಬಿಡಲಿಲ್ಲ. ಲಾಲ್ ಸಾಬ್ ಸಾಕು ಎಂದರೂ ಬಿಡಲಿಲ್ಲ.

ಮರು ವರ್ಷ ಮಾವು ಚಿಗುರುವ ಹೊತ್ತಿಗೆ ಹಜೀರಾಬೀ ಕರೆಯದೆಯೇ ಹರಿಹರಕ್ಕೆ ಹೋದಳು. ದಿಲ್ಷಾದ್ ಬೇಲಿಯನ್ನು ಆಗಲೇ ತಾನೇ ಕತ್ತರಿಸಿದ್ದಳು, ಹಾಡಹಗಲು, ದಾರಿಯ ಬದಿಯಲ್ಲಿ, ಸ್ಟೂಲು ಹಾಕಿಕೊಂಡು. ಒಂದು ಕಡೆ ಏರು, ಒಂದು ಕಡೆ ತಗ್ಗು, ನಡುವೆ ಕೈ ತೂರುವಷ್ಟು ಕಿಂಡಿ. ಅಂಗೈಯ ಬೊಬ್ಬೆ ತೋರಿಸಿ, "ಹೆಂಗೈತೆ ಆಪಾ?" ಎಂದಳು.

ಹಜೀರಾಬೀ ಬೇಲಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದು ನೋಡಿದಳು.

"ಎಮ್ಮೆ ಮೇಯ್ದಂಗೈತೆ," ಎಂದಳು. "ನಡಿ, ಹಸಿವಾಗೈತೆ. ಒಳಗೆ ಊಟ ಹಾಕು."